ಹಿತ್ತಲ ಕೋಳಿಗಳನ್ನು ನರಿಯಿಂದ ಕಾಪಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವವರು ನರಿಯ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವುಗಳಲ್ಲಿ ಹೆಚ್ಚಿನವು ಕೆಂಪು ನರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಗೂಡು, ಜಾಲರಿ, ಬಾಗಿಲು ಮತ್ತು ಚಿಲಕಗಳ ಬಗ್ಗೆ ಹೇಳಿರುವುದು ಮಾತ್ರ ಇತರ ಜಾತಿಯ ನರಿಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ನಮ್ಮ ಮನೆ ಪಟ್ಟಣದ ನಡುವೆ ಇದೆ. ಇಲ್ಲಿಗೂ ನರಿ ಬರುತ್ತದೆಯೇ?

ಬರಬಹುದು. ಕೆಂಪು ನರಿ ಉತ್ತರ ಗೋಳಾರ್ಧದ ಬಹುಭಾಗದಲ್ಲಿ ಹರಡಿಕೊಂಡಿದೆ. ಆಸ್ಟ್ರೇಲಿಯಾಕ್ಕೆ 19ನೇ ಶತಮಾನದಲ್ಲಿ ಮನುಷ್ಯರೇ ಅದನ್ನು ಕೊಂಡೊಯ್ದರು. ಲಂಡನ್, ಜ್ಯೂರಿಕ್, ಮೆಲ್ಬರ್ನ್‌ನಂಥ ಮಹಾನಗರಗಳಲ್ಲಿ ಅದು ಉದ್ಯಾನಗಳ ಪೊದೆಗಳಲ್ಲೂ ರೈಲು ಹಳಿಗಳ ಬದಿಯಲ್ಲೂ ಮನೆಗಳ ಹಿಂದಿನ ಗುಡಿಸಲುಗಳ ಕೆಳಗೂ ಬಿಲ ಮಾಡಿಕೊಂಡು ಆರಾಮವಾಗಿ ಬದುಕುತ್ತಿದೆ. ನೀವು ಅದನ್ನು ಕಂಡಿಲ್ಲ ಎಂದ ಮಾತ್ರಕ್ಕೆ ಅದು ನಿಮ್ಮ ಹಿತ್ತಲನ್ನು ಕಂಡಿಲ್ಲ ಎಂದು ಭಾವಿಸಬೇಡಿ. ಕೋಳಿ ಸಾಕಿದ ಮೊದಲ ವರ್ಷ ಏನೂ ಆಗದಿರುವುದು ಸುರಕ್ಷತೆಯ ಲಕ್ಷಣವಲ್ಲ.

ಅದು ಯಾವ ಹೊತ್ತಿನಲ್ಲಿ ಬರುತ್ತದೆ?

ಹೆಚ್ಚಾಗಿ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಆದರೆ ಹಗಲಿನಲ್ಲಿ ನರಿ ಬರುವುದಿಲ್ಲ ಎಂಬ ನಂಬಿಕೆಯಿಂದ ಕೋಳಿ ಕಳೆದುಕೊಂಡವರು ಬಹಳ ಮಂದಿ. ಉತ್ತರ ಗೋಳಾರ್ಧದಲ್ಲಿ ಕೆಂಪು ನರಿಗಳು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ ಕೂಡುತ್ತವೆ. ಸುಮಾರು 52 ದಿನಗಳ ಗರ್ಭದ ನಂತರ ಮಾರ್ಚ್, ಏಪ್ರಿಲ್ ಹೊತ್ತಿಗೆ ಮರಿ ಹಾಕುತ್ತವೆ. ಅಲ್ಲಿಂದ ಮುಂದಿನ ಎರಡು ಮೂರು ತಿಂಗಳು ತಂದೆ ತಾಯಿ ಎರಡೂ ಮರಿಗಳಿಗೆ ಆಹಾರ ಒದಗಿಸಬೇಕಾಗಿರುವುದರಿಂದ ನಡುಹಗಲಿನಲ್ಲೂ ಬೇಟೆಗೆ ಹೊರಡುತ್ತವೆ. ದಕ್ಷಿಣ ಗೋಳಾರ್ಧದಲ್ಲಿ ಈ ಕಾಲ ಆರು ತಿಂಗಳು ಆಚೀಚೆಯಾಗುತ್ತದೆ. ಮರಿಗಳು ಬೆಳೆದು ತಮ್ಮದೇ ನೆಲೆ ಹುಡುಕಿಕೊಂಡು ಚದುರುವ ಶರತ್ಕಾಲ ಎರಡನೆಯ ಅಪಾಯದ ಕಾಲ. ಹಸಿದ, ಅನುಭವವಿಲ್ಲದ ಎಳೆಯ ನರಿ ಮನುಷ್ಯರ ಓಡಾಟವನ್ನೂ ಲೆಕ್ಕಿಸದೆ ನುಗ್ಗುವುದುಂಟು.

ಒಂದು ಕೋಳಿ ಸಾಕಾಗುವ ಪ್ರಾಣಿ ಗೂಡಿನಲ್ಲಿದ್ದ ಎಲ್ಲವನ್ನೂ ಏಕೆ ಕೊಲ್ಲುತ್ತದೆ?

ಇದನ್ನು ಕ್ರೌರ್ಯ ಎಂದುಕೊಳ್ಳುವವರೇ ಹೆಚ್ಚು. ನಡೆಯುವುದು ಬೇರೆಯೇ. ಪ್ರಾಣಿಶಾಸ್ತ್ರಜ್ಞ ಹಾನ್ಸ್ ಕ್ರೂಕ್ ಅವರು ಇಂಗ್ಲೆಂಡಿನ ಕಡಲತೀರದ ಹಕ್ಕಿಧಾಮವೊಂದರಲ್ಲಿ, ಗಾಢ ಕತ್ತಲಿನ ರಾತ್ರಿಗಳಲ್ಲಿ ನರಿಗಳು ನೆಲದ ಮೇಲೆ ಅಲುಗಾಡದೆ ಕುಳಿತಿದ್ದ ಕಡಲಹಕ್ಕಿಗಳನ್ನು ತಿನ್ನುವುದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಕೊಂದುದನ್ನು ದಾಖಲಿಸಿದರು. 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಇದಕ್ಕೆ ವಿವರಣೆಯನ್ನೂ ಕೊಟ್ಟರು. ಹೊಟ್ಟೆ ತುಂಬಿದಾಗ ಬೇಟೆಯನ್ನು ಹುಡುಕುವ ಪ್ರವೃತ್ತಿ ತಣ್ಣಗಾಗುತ್ತದೆ, ಆದರೆ ಕಣ್ಣೆದುರೇ ಇರುವುದನ್ನು ಹಿಡಿದು ಕೊಲ್ಲುವ ಪ್ರವೃತ್ತಿ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಬಯಲಿನಲ್ಲಿ ಒಂದು ಹಕ್ಕಿ ಸಿಕ್ಕೊಡನೆ ಉಳಿದವು ಹಾರಿಹೋಗುವುದರಿಂದ ಬೇಟೆ ಅಲ್ಲಿಗೇ ಮುಗಿಯುತ್ತದೆ. ಮುಚ್ಚಿದ ಗೂಡಿನಲ್ಲಿ ಮಾತ್ರ ಕೋಳಿಗಳು ತಪ್ಪಿಸಿಕೊಳ್ಳಲಾರದೆ ರೆಕ್ಕೆ ಬಡಿಯುತ್ತಲೇ ಇರುತ್ತವೆ, ನರಿ ಹಿಡಿಯುತ್ತಲೇ ಇರುತ್ತದೆ. ಸತ್ತ ಕೋಳಿಗಳನ್ನು ಒಂದೊಂದಾಗಿ ಒಯ್ದು ಮಣ್ಣಿನಲ್ಲಿ ಹೂತಿಡುವುದೂ ಅದರ ಅಭ್ಯಾಸ. ನೀವು ಬಂದು ಓಡಿಸದಿದ್ದರೆ ಬೆಳಗಾಗುವಷ್ಟರಲ್ಲಿ ಗೂಡು ಖಾಲಿಯಾಗಿರುವುದೂ ಸಾಧ್ಯ.

ಅರ್ಧಂಬರ್ಧ ಭದ್ರವಾದ ಗೂಡು ಗೂಡೇ ಇಲ್ಲದಿರುವುದಕ್ಕಿಂತ ಅಪಾಯಕಾರಿ ಎನ್ನುವುದು ಇದೇ ಕಾರಣಕ್ಕೆ. ಮರದ ಮೇಲೆ ಮಲಗುವ ಕೋಳಿಗಳಲ್ಲಿ ನರಿಗೆ ಒಂದು ಸಿಕ್ಕರೆ ಹೆಚ್ಚು. ಸಡಿಲ ಬಾಗಿಲಿನ ಗೂಡಿನಲ್ಲಿ ಅಷ್ಟೂ ಸಿಗುತ್ತವೆ.

ಎಲ್ಲವನ್ನೂ ಒಮ್ಮೆಲೇ ಮಾಡಿಸುವಷ್ಟು ಹಣವೂ ಸಮಯವೂ ಇಲ್ಲ. ಮೊದಲು ಏನು ಮಾಡಬೇಕು?

ರಾತ್ರಿ ಮಲಗುವ ಗೂಡು ಮೊದಲು. ಓಡಾಡುವ ಆವರಣ, ಬೇಲಿ, ದೀಪ, ಕ್ಯಾಮೆರಾ ಎಲ್ಲವೂ ಆಮೇಲೆ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೋಲಿನ ಮೇಲೆ ಕುಳಿತರೆ ಮುಗಿಯಿತು, ಕೈಯಲ್ಲಿ ಎತ್ತಿಕೊಂಡರೂ ಹೆಚ್ಚು ಪ್ರತಿಭಟಿಸುವುದಿಲ್ಲ. ಆ ಹೊತ್ತಿನಲ್ಲಿ ಅದನ್ನು ಕಾಯುವುದು ಗಟ್ಟಿ ಗೋಡೆ, ಗಟ್ಟಿ ನೆಲ, ಭದ್ರ ಚಿಲಕ ಮತ್ತು ಪ್ರತಿ ಸಂಜೆ ತಪ್ಪದೆ ಬಾಗಿಲು ಮುಚ್ಚುವ ಕೈ. ನಾನು ಕೇಳಿದ ಕೋಳಿ ನಷ್ಟದ ಕಥೆಗಳಲ್ಲಿ ಹೆಚ್ಚಿನವು ‘ಆ ಒಂದು ದಿನ ಬಾಗಿಲು ಮುಚ್ಚುವುದು ತಡವಾಯಿತು’ ಎಂದೇ ಆರಂಭವಾಗುತ್ತವೆ. ಆದ್ದರಿಂದ ಖರ್ಚು ಮಾಡುವುದಿದ್ದರೆ ಮೊದಲು ಬಾಗಿಲಿಗೆ ಮಾಡಿ.

ಕೋಳಿಗೆಂದೇ ಮಾರುವ ಆರು ಮೂಲೆಯ ತಂತಿ ಜಾಲರಿ ಸಾಲದೇ?

ಸಾಲದು. ಆ ತೆಳು ಜಾಲರಿ ಕೋಳಿಗಳನ್ನು ಒಳಗಿಡುತ್ತದೆ, ನರಿಯನ್ನು ಹೊರಗಿಡುವ ಶಕ್ತಿ ಅದಕ್ಕಿಲ್ಲ. ತುಕ್ಕು ಹಿಡಿದ ಮೇಲಂತೂ ನರಿ ಹಲ್ಲಿನಿಂದ ಕಚ್ಚಿ ಎಳೆದರೆ ಹೆಣಿಕೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಕಂಬಿಗಳು ಕೂಡುವ ಪ್ರತಿ ಜಾಗದಲ್ಲೂ ಬೆಸುಗೆ ಹಾಕಿ ಸತುವಿನ ಲೇಪ ಕೊಟ್ಟ ಚೌಕಳಿ ಜಾಲರಿಯನ್ನೇ ಬಳಸಿ. ನರಿಯೊಂದನ್ನೇ ತಡೆಯಬೇಕಾದರೆ 25 ಮಿ.ಮೀ. ಕಣ್ಣಿನ, ಸುಮಾರು 1.6 ಮಿ.ಮೀ. ದಪ್ಪದ ತಂತಿಯ ಜಾಲರಿ ಸಾಕು. ಇಲಿ, ಹಾವು, ಮುಂಗುಸಿಗಳ ಭಯವೂ ಇದ್ದರೆ ಗೂಡಿನ ಕಿಟಕಿಗಳಿಗೂ ಗೋಡೆಯ ಕೆಳಗಿನ ಅರ್ಧ ಮೀಟರ್ ಎತ್ತರಕ್ಕೂ 12 ಮಿ.ಮೀ. ಕಣ್ಣಿನದನ್ನು ಹಾಕಿ. ಕಣ್ಣು ಚಿಕ್ಕದಾಗಿದ್ದರೆ ಇನ್ನೊಂದು ಉಪಯೋಗವೂ ಇದೆ: ಜಾಲರಿಗೆ ಒರಗಿ ಮಲಗಿದ ಕೋಳಿಯ ಕಾಲನ್ನೋ ರೆಕ್ಕೆಯನ್ನೋ ಹೊರಗಿನಿಂದ ಎಳೆಯಲಾಗುವುದಿಲ್ಲ.

ಜಾಲರಿ ಎಷ್ಟು ಒಳ್ಳೆಯದಾದರೂ ಅದನ್ನು ಮರಕ್ಕೆ ಕೂಡಿಸಿದ ರೀತಿ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ನರಿ ಆವರಣದ ಸುತ್ತ ನಡೆಯುವಾಗ ಮೂಗನ್ನು ನೆಲಕ್ಕೆ ತಾಗಿಸಿಕೊಂಡು ಜಾಲರಿಯೂ ಚೌಕಟ್ಟೂ ಕೂಡುವ ಅಂಚನ್ನೇ ಮೂಸುತ್ತಾ ಹೋಗುತ್ತದೆ. ಎಲ್ಲಿ ತುಸು ಸಡಿಲವಿದೆಯೋ ಅಲ್ಲಿ ನಿಂತು ಮೂತಿಯಿಂದ ಒತ್ತುತ್ತದೆ, ಒತ್ತಿದ್ದು ಒಳಕ್ಕೆ ಬಾಗಿದರೆ ಕಾಲು ಹಾಕಿ ಕೆರೆಯುತ್ತದೆ. ಸಣ್ಣ ಸ್ಟೇಪಲ್ ಪಿನ್ನುಗಳಿಂದ ಹೊಡೆದ ಜಾಲರಿ ಈ ಒತ್ತಡಕ್ಕೆ ಪಟಪಟನೆ ಕಳಚಿಕೊಳ್ಳುತ್ತದೆ. ಸ್ಕ್ರೂಗೆ ಅಗಲವಾದ ವಾಷರ್ ಹಾಕಿ ಒಂದು ಗೇಣಿಗೊಂದರಂತೆ ಬಿಗಿಸಿ, ಅಂಚಿನ ಮೇಲೆ ಮರದ ಪಟ್ಟಿಯೊಂದನ್ನು ಕೂಡಿಸಿದರೆ ಜಾಲರಿ ಅಲುಗುವುದಿಲ್ಲ. ಕೆಲಸ ಮುಗಿದ ಮೇಲೆ ನೀವೇ ಮಂಡಿಯೂರಿ ಸುತ್ತಲೂ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಎಲ್ಲಿಯಾದರೂ ನಾಲ್ಕು ಬೆರಳು ಒಟ್ಟಿಗೆ ತೂರುವಷ್ಟು ಸಂದು ಕಂಡರೆ ಅದನ್ನು ಮುಚ್ಚಲೇಬೇಕು. ಸುಮಾರು 10 ಸೆಂ.ಮೀ. ಸಂದಿನಲ್ಲಿ ಬೆಳೆದ ನರಿಯೇ ನುಸುಳಬಲ್ಲದು, ಮರಿನರಿಗೆ ಅಷ್ಟೂ ಬೇಕಾಗಿಲ್ಲ.

ನೆಲ ತೋಡಿ ಒಳಗೆ ಬರುವುದನ್ನು ತಡೆಯುವುದು ಹೇಗೆ?

ಎರಡು ದಾರಿಗಳಿವೆ. ಒಂದು, ಜಾಲರಿಯನ್ನು 30ರಿಂದ 45 ಸೆಂ.ಮೀ. ಆಳಕ್ಕೆ ನೇರವಾಗಿ ಹೂಳುವುದು. ಇನ್ನೊಂದು, ಬೇಲಿಯ ಬುಡದಿಂದ ಹೊರಕ್ಕೆ 40–50 ಸೆಂ.ಮೀ. ಅಗಲದ ಜಾಲರಿಯನ್ನು ನೆಲದ ಮೇಲೆ ಹಾಸಿ, ಕೊಕ್ಕೆಗೂಟಗಳಿಂದ ಬಿಗಿದು, ಮೇಲೆ ತೆಳುವಾಗಿ ಮಣ್ಣು ಹರಡುವುದು. ನನಗೆ ಎರಡನೆಯದೇ ಮೇಲು ಎನಿಸುತ್ತದೆ. ನರಿ ತೋಡಲು ಆರಂಭಿಸುವುದು ಬೇಲಿಯ ಬುಡದಲ್ಲೇ ಹೊರತು ಅರ್ಧ ಮೀಟರ್ ಹಿಂದೆ ಸರಿದು ಅಲ್ಲ. ಬುಡದಲ್ಲಿ ಕೆರೆದಾಗ ಉಗುರಿಗೆ ತಂತಿ ಸಿಕ್ಕಿದರೆ ಪಕ್ಕಕ್ಕೆ ಹೋಗಿ ಮತ್ತೆ ಬುಡದಲ್ಲೇ ಕೆರೆಯುತ್ತದೆ. ಇದಕ್ಕೆ ಕಂದಕ ತೋಡುವ ಶ್ರಮವಿಲ್ಲ. ಹುಲ್ಲು ಬೆಳೆದು ಜಾಲರಿಯನ್ನು ನೆಲಕ್ಕೆ ಹೆಣೆದುಬಿಡುತ್ತದೆ, ತುಕ್ಕು ಹಿಡಿದರೆ ಬದಲಿಸುವುದೂ ಸುಲಭ.

ಗೂಡಿನ ನೆಲವೇ ಮಣ್ಣಾಗಿದ್ದರೆ ಕೆಳಗೆ ಜಾಲರಿ ಹಾಸಿ ಮೇಲೆ ಮಣ್ಣು ಅಥವಾ ಮರದ ಹೊಟ್ಟು ಹರಡಬಹುದು. ಕಾಲುಗಳ ಮೇಲೆ ನಿಲ್ಲಿಸಿದ ಹಲಗೆಯ ಗೂಡಾದರೆ ನೆಲದಿಂದ 30 ಸೆಂ.ಮೀ. ಆದರೂ ಎತ್ತರವಿರಲಿ. ಕೆಳಗೆ ಬೆಳಕೂ ಗಾಳಿಯೂ ಆಡುವುದರಿಂದ ಹಲಗೆ ಕೊಳೆಯುವುದು ತಡವಾಗುತ್ತದೆ, ಹೆಗ್ಗಣ ಬಿಲ ಮಾಡಿದರೆ ಕಣ್ಣಿಗೆ ಬೀಳುತ್ತದೆ. ವರ್ಷಕ್ಕೊಮ್ಮೆ ಚಾಕುವಿನ ತುದಿಯಿಂದ ಹಲಗೆಗಳ ಕೆಳಭಾಗವನ್ನು ಚುಚ್ಚಿ ನೋಡಿ, ಮೆತ್ತಗಾಗಿದ್ದರೆ ಬದಲಿಸಿ.

ಬೇಲಿ ಎಷ್ಟು ಎತ್ತರವಿರಬೇಕು?

ಮೇಲ್ಭಾಗ ತೆರೆದಿದ್ದರೆ 1.8ರಿಂದ 2 ಮೀಟರ್. ಅಷ್ಟಿದ್ದರೂ ನರಿ ಹತ್ತಲಾರದು ಎಂದಲ್ಲ. ಜಾಲರಿಯ ಕಣ್ಣುಗಳಲ್ಲಿ ಕಾಲೂರಿಕೊಂಡು ಅದು ಚೆನ್ನಾಗಿಯೇ ಹತ್ತುತ್ತದೆ. ಆದ್ದರಿಂದ ತುದಿಯ 30 ಸೆಂ.ಮೀ. ಭಾಗವನ್ನು 45 ಡಿಗ್ರಿ ಕೋನದಲ್ಲಿ ಹೊರಕ್ಕೆ ಬಾಗಿಸಬೇಕು, ಆ ಭಾಗ ತುಸು ಸಡಿಲವಾಗಿ ಅಲ್ಲಾಡುವಂತಿದ್ದರೆ ಇನ್ನೂ ಒಳ್ಳೆಯದು. ಬೇಲಿಗೆ ತಾಗಿದಂತೆ ಸೌದೆಯ ರಾಶಿ, ಗೊಬ್ಬರದ ತೊಟ್ಟಿ, ಬಾಗಿದ ಕೊಂಬೆ ಇದ್ದರೆ ಎತ್ತರದ ಲೆಕ್ಕವೇ ತಪ್ಪುತ್ತದೆ. ಹಿಮ ಬೀಳುವ ಪ್ರದೇಶದಲ್ಲಿ ಹಿಮದ ದಿಬ್ಬವೂ ಹಾಗೆಯೇ ಮೆಟ್ಟಿಲಾಗುತ್ತದೆ. ಆವರಣ ಚಿಕ್ಕದಿದ್ದರೆ ಮೇಲಕ್ಕೂ ಜಾಲರಿ ಹೊದಿಸುವುದು ಸರಳ, ಗಿಡುಗ ಹದ್ದುಗಳ ಕಾಟವೂ ತಪ್ಪುತ್ತದೆ.

ವಿದ್ಯುತ್ ಬೇಲಿ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಸರಿಯಾಗಿ ನೋಡಿಕೊಂಡರೆ, ದೊಡ್ಡ ಆವರಣಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಎನರ್ಜೈಸರ್ ಎಂಬ ಉಪಕರಣ ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಆಘಾತವನ್ನು ತಂತಿಗೆ ಕಳುಹಿಸುತ್ತದೆ. ನರಿ ಅಪರಿಚಿತ ವಸ್ತುವನ್ನು ಮೊದಲು ಪರೀಕ್ಷಿಸುವುದು ತೇವವಾದ ಮೂಗಿನಿಂದ. ಅಲ್ಲಿ ಒಮ್ಮೆ ಪೆಟ್ಟು ಬಿದ್ದರೆ ಅದು ಆ ಜಾಗವನ್ನು ಬಹುಕಾಲ ಮರೆಯುವುದಿಲ್ಲ. ಈಗಾಗಲೇ ಇರುವ ಬೇಲಿಗಾದರೆ ಹೊರಭಾಗದಲ್ಲಿ ನೆಲದಿಂದ ಸುಮಾರು 20 ಸೆಂ.ಮೀ. ಎತ್ತರದಲ್ಲಿ ಒಂದು ತಂತಿ, ತುದಿಯಲ್ಲಿ ಇನ್ನೊಂದು ತಂತಿ ಎಳೆದರೂ ಸಾಕಾಗುತ್ತದೆ. ಕೋಳಿಗಳಿಗೆಂದೇ ಸಿಗುವ, ಸುಮಾರು 1.1 ಮೀಟರ್ ಎತ್ತರದ ವಿದ್ಯುತ್ ಬಲೆಯನ್ನು ಬೇಕಾದಲ್ಲಿಗೆ ಸಾಗಿಸಬಹುದು. ಆದರೆ ಹಾರುವ ಚಪಲದ ಕೋಳಿಗಳ ಒಂದು ಕಡೆಯ ರೆಕ್ಕೆಯ ಗರಿ ಕತ್ತರಿಸಬೇಕಾದೀತು.

ಈ ಬೇಲಿ ಕೆಲಸ ಮಾಡಲಿಲ್ಲ ಎನ್ನುವವರ ಹಿತ್ತಲಲ್ಲಿ ಸಾಮಾನ್ಯವಾಗಿ ಕಾಣುವುದು ತಂತಿಗೆ ತಾಗುತ್ತಿರುವ ಹಸಿ ಹುಲ್ಲು. ಅದರ ಮೂಲಕ ಶಕ್ತಿಯೆಲ್ಲ ನೆಲಕ್ಕೆ ಸೋರಿಹೋಗುತ್ತದೆ. ಎರಡನೆಯ ಕಾರಣ ಒಣ ಮಣ್ಣಿನಲ್ಲಿ ನೆಟ್ಟ ಗಿಡ್ಡ ಭೂಸಂಪರ್ಕದ ಸರಳು. ಬೇಲಿಯ ದೂರದ ತುದಿಯಲ್ಲಿ ಪರೀಕ್ಷಕದಿಂದ ಅಳೆದಾಗ 3,000 ವೋಲ್ಟ್‌ಗಿಂತ ಹೆಚ್ಚು ತೋರಿಸಬೇಕು. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವ ಯೋಚನೆಯನ್ನು ಯಾರೂ ಮಾಡಬಾರದು. ಅದು ಮನುಷ್ಯರನ್ನೂ ಸಾಕುಪ್ರಾಣಿಗಳನ್ನೂ ಕೊಲ್ಲುತ್ತದೆ.

ಎಂಥ ಚಿಲಕ ಹಾಕಬೇಕು? ತಾನಾಗಿಯೇ ಮುಚ್ಚುವ ಬಾಗಿಲನ್ನು ನಂಬಬಹುದೇ?

ಒಂದೇ ಚಲನೆಗೆ ತೆರೆದುಕೊಳ್ಳುವ ತಿರುಗು ತುಂಡು, ಎತ್ತಿದರೆ ಕಳಚುವ ಕೊಂಡಿ ಇವು ಬೇಡ. ಎತ್ತಿ ಆಮೇಲೆ ಎಳೆಯಬೇಕಾದ ಅಗಳಿ, ಅಥವಾ ಅಗಳಿಯ ತೂತಿಗೆ ಸ್ಪ್ರಿಂಗ್ ಕೊಕ್ಕೆ ಸಿಕ್ಕಿಸಿದ ವ್ಯವಸ್ಥೆ ಸಾಕು. ಮೊಟ್ಟೆ ತೆಗೆಯುವ ಪೆಟ್ಟಿಗೆಯ ಮುಚ್ಚಳವನ್ನು ಮರೆಯಬೇಡಿ. ಬಾಗಿಲಿಗೆ ಎರಡು ಚಿಲಕ ಹಾಕಿ ಮುಚ್ಚಳವನ್ನು ಅದರ ಭಾರದ ಮೇಲೇ ಬಿಟ್ಟಿರುವ ಗೂಡುಗಳು ಬೇಕಾದಷ್ಟಿವೆ.

ತಾನಾಗಿ ಮುಚ್ಚುವ ಬಾಗಿಲುಗಳು ಬೆಳಕನ್ನು ಗ್ರಹಿಸಿಯೋ ಗಡಿಯಾರದ ಪ್ರಕಾರವೋ ಕೆಲಸ ಮಾಡುತ್ತವೆ. ಸಂಜೆ ಮನೆಯಲ್ಲಿರಲಾಗದವರಿಗೆ ಇವು ವರವೇ ಸರಿ. ಆದರೆ ಕೊಳ್ಳುವಾಗ ಒಂದನ್ನು ನೋಡಿ: ಮೇಲಿನಿಂದ ಜಾರಿ ಇಳಿಯುವ ಹಲಗೆಯ ಕೆಳಗೆ ನರಿ ಉಗುರು ತೂರಿಸಿ ಎತ್ತಲಾಗದಂತೆ ತಳದಲ್ಲಿ ಹಲಗೆ ಇಳಿದು ಕೂರುವ ತೋಡೋ ಬೀಗವೋ ಇರಬೇಕು. ಗಡಿಯಾರದ ಬಾಗಿಲಾದರೆ ಋತು ಬದಲಾದಂತೆ ಸಮಯವನ್ನೂ ಬದಲಿಸಬೇಕು. ಬಾಗಿಲು ಮುಚ್ಚಿದೆ ಎಂದರೆ ಕೋಳಿಗಳೆಲ್ಲ ಒಳಗಿವೆ ಎಂದಲ್ಲ. ತಡವಾಗಿ ಬಂದ ಒಂದು ಹೇಂಟೆ ಮುಚ್ಚಿದ ಬಾಗಿಲೆದುರು ಮುದುಡಿ ಕುಳಿತಿರಬಹುದು. ಆದ್ದರಿಂದ ಮಲಗುವ ಮುನ್ನ ಟಾರ್ಚ್ ಹಿಡಿದು ಎಣಿಸಿ ಬರುವ ಕೆಲಸವನ್ನು ಯಂತ್ರ ತಪ್ಪಿಸುವುದಿಲ್ಲ.

ಮಿನುಗುವ ದೀಪ, ರೇಡಿಯೊ, ಮನುಷ್ಯರ ಮೂತ್ರ, ಕೂದಲು?

ಹೊಸದರಲ್ಲಿ ಕೆಲವು ರಾತ್ರಿ ನರಿ ಹಿಂಜರಿಯಬಹುದು. ಅಪಾಯವಿಲ್ಲ ಎಂದು ಖಚಿತವಾದ ಮೇಲೆ ದೀಪದ ಕೆಳಗೇ ಹಾದುಹೋಗುತ್ತದೆ. ಚಿಲಿ ದೇಶದಲ್ಲಿ ಲಾಮಾ ಮತ್ತು ಅಲ್ಪಾಕಾ ಹಿಂಡುಗಳ ಬಳಿ ಮಿನುಗುವ ದೀಪಗಳನ್ನಿಟ್ಟು ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಯೂಮಾಗಳ ದಾಳಿ ತಗ್ಗಿತು, ಅಲ್ಲಿನ ಆಂಡಿಯನ್ ನರಿಗಳ ಮೇಲೆ ಮಾತ್ರ ದೀಪಗಳು ಪರಿಣಾಮ ಬೀರಲಿಲ್ಲ. ಅದು ಬೇರೆ ಜಾತಿಯ ನರಿ ಎನ್ನುವುದು ನಿಜ. ಆದರೂ ಗೂಡು ಭದ್ರಪಡಿಸುವ ಮೊದಲು ದೀಪಕ್ಕೆ ದುಡ್ಡು ಸುರಿಯುವವರು ಒಮ್ಮೆ ಯೋಚಿಸಬೇಕು.

ನಾಯಿ ಇದ್ದರೆ ಸಾಕಲ್ಲವೇ? ಹುಂಜ?

ಹೊರಗೇ ಮಲಗುವ, ಕೋಳಿಗಳ ಜೊತೆ ಮರಿಯಿಂದಲೇ ಬೆಳೆದ ಕಾವಲು ನಾಯಿ ದೊಡ್ಡ ಆಸರೆ. ಮನೆಯೊಳಗೆ ಮಲಗುವ ನಾಯಿಯ ವಾಸನೆ ಮತ್ತು ಬೊಗಳುವಿಕೆಗೆ ಸ್ವಲ್ಪ ಬೆಲೆಯಿದೆ, ಅದು ಯಾವ ಹೊತ್ತಿಗೆ ಹೊರಬರುತ್ತದೆ ಎಂಬುದನ್ನು ನರಿ ಕಲಿಯುವವರೆಗೆ. ಹುಂಜ ಕೂಗಿ ಎಚ್ಚರಿಸುತ್ತದೆ, ಎದುರು ನಿಂತು ಹೋರಾಡುವ ಧೈರ್ಯದ ಹುಂಜವೂ ಇರುತ್ತದೆ. ಸಾಮಾನ್ಯವಾಗಿ ಮೊದಲು ಸಾಯುವುದೂ ಅದೇ. ಗಿನಿಕೋಳಿ, ಹೆಬ್ಬಾತುಗಳು ಗದ್ದಲ ಎಬ್ಬಿಸುವುದರಲ್ಲಿ ನಿಸ್ಸೀಮರು, ಆದರೆ ಗದ್ದಲ ಕೇಳಿ ಓಡಿಬರುವವರು ಬೇಕು.

ಹಗಲಿನಲ್ಲಿ ಬಿಟ್ಟು ಮೇಯಿಸಲೇಬಾರದೇ?

ಮೇಯಿಸಬಹುದು, ಅಪಾಯವನ್ನು ಒಪ್ಪಿಕೊಂಡು. ಬೆಳಕು ಚೆನ್ನಾಗಿ ಹರಿದ ಮೇಲೆ ಬಿಟ್ಟು, ಸೂರ್ಯ ಮುಳುಗಲು ಒಂದು ಗಂಟೆ ಇರುವಾಗಲೇ ಒಳಗೆ ಕರೆದುಕೊಳ್ಳಿ. ಸಂಜೆಯ ಕಾಳನ್ನು ಗೂಡಿನೊಳಗೇ ಹಾಕುವ ರೂಢಿಯಿದ್ದರೆ ಡಬ್ಬಿ ಅಲ್ಲಾಡಿಸಿದ ಸದ್ದಿಗೇ ಓಡಿಬರುತ್ತವೆ. ಗೂಡಿನ ಸುತ್ತ ಎರಡು ಮೂರು ಮೀಟರ್ ಅಗಲಕ್ಕೆ ಪೊದೆ, ಎತ್ತರದ ಹುಲ್ಲು ತೆಗೆಯಿರಿ. ನರಿ ಹೊಂಚು ಹಾಕುವುದು ಮರೆಯಿಂದ, ಬಯಲನ್ನು ದಾಟಿ ಬರಲು ಅದಕ್ಕೆ ಇಷ್ಟವಿಲ್ಲ. ಚೆಲ್ಲಿದ ಕಾಳು, ನಾಯಿ ಬೆಕ್ಕುಗಳ ಊಟದ ತಟ್ಟೆ, ಉದುರಿದ ಹಣ್ಣು, ಮುಚ್ಚದ ಗೊಬ್ಬರದ ಗುಂಡಿ ಇವು ನೇರವಾಗಿಯೋ ಇಲಿಗಳ ಮೂಲಕವೋ ನರಿಯನ್ನು ಕರೆಯುತ್ತವೆ. ಮರಿ ಸಾಕುವ ಕಾಲದಲ್ಲಿ ಅಥವಾ ಆಸುಪಾಸಿನಲ್ಲಿ ನರಿ ಕಂಡ ಮೇಲೆ ಕೆಲವು ವಾರ ಆವರಣದೊಳಗೇ ಇಡುವುದು ಕ್ಷೇಮ.

ಕಾವು ಕುಳಿತ ಹೇಂಟೆ ಹೊರಗೆಲ್ಲೋ ಗೂಡು ಮಾಡಿಕೊಂಡಿದೆ. ಏನು ಮಾಡಲಿ?

ಕತ್ತಲಾದ ಮೇಲೆ ಅದನ್ನು ಮೊಟ್ಟೆಗಳ ಸಮೇತ ಭದ್ರವಾದ ಪೆಟ್ಟಿಗೆಗೆ ಸಾಗಿಸಿ. ಮೊಟ್ಟೆಯೊಡೆಯಲು ಬೇಕಾದ 21 ದಿನವೂ ಅದು ರಾತ್ರಿ ನೆಲದ ಮೇಲೇ ಇರುತ್ತದೆ, ಜಾಗ ಬಿಟ್ಟು ಕದಲುವುದೂ ಇಲ್ಲ.

ಕೊಂದದ್ದು ನರಿಯೇ ಎಂದು ತಿಳಿಯುವುದು ಹೇಗೆ?

ಕೋಳಿ ಕಾಣೆಯಾಗಿ, ಗರಿಗಳು ಬೇಲಿಯತ್ತ ಅಲ್ಲಲ್ಲಿ ಗುಪ್ಪೆಯಾಗಿ ಉದುರಿದ್ದರೆ ನರಿಯ ಮೇಲೆ ಸಂಶಯ ಪಡಬಹುದು. ಉಳಿದ ಶವಗಳಲ್ಲಿ ಗಾಯ ಕುತ್ತಿಗೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿರುತ್ತದೆ, ಕೆಲವಕ್ಕೆ ತಲೆಯೇ ಇರುವುದಿಲ್ಲ. ಮೈಯೆಲ್ಲ ಕಚ್ಚಿ ಎಳೆದಾಡಿ, ಒಂದನ್ನೂ ಒಯ್ಯದೆ ಬಿಟ್ಟಿದ್ದರೆ ಅದು ಹೆಚ್ಚಾಗಿ ನಾಯಿಯ ಕೆಲಸ. ಒಂದೇ ಕಡೆ ಗರಿ ಕಿತ್ತು ಎದೆಯ ಮಾಂಸ ತಿಂದಿದ್ದರೆ ಬೇಟೆಹಕ್ಕಿ. ಚಿಪ್ಪಿನ ಚೂರೂ ಇಲ್ಲದೆ ಮೊಟ್ಟೆ ಮಾಯವಾಗಿದ್ದರೆ ಹಾವಿರಬಹುದು, ನರಿಯೂ ಇರಬಹುದು. ಅದು ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಹೂತಿಡುತ್ತದೆ. ಕೆಸರಿನಲ್ಲಿ ಸುಮಾರು 5 ಸೆಂ.ಮೀ. ಉದ್ದದ, ನಾಯಿಯದಕ್ಕಿಂತ ಕಿರಿದಾದ ಹೆಜ್ಜೆಗಳು ಒಂದೇ ಗೆರೆಯಲ್ಲಿ ಸಾಗಿರುವುದು, ಘಾಟು ವಾಸನೆ, ಕೂದಲು ಸೇರಿ ತುದಿ ಚೂಪಾದ ಹಿಕ್ಕೆ ಇವು ಇತರ ಗುರುತುಗಳು.

ದಾಳಿ ನಡೆದ ಬೆಳಿಗ್ಗೆ ಏನು ಮಾಡಬೇಕು?

ಮೊದಲು ಬದುಕಿರುವವನ್ನು ಹುಡುಕಿ. ಪೊದೆಯೊಳಗೆ, ಮರದ ಮೇಲೆ, ಪಕ್ಕದ ಮನೆಯ ಅಂಗಳದಲ್ಲಿ ಅಡಗಿದ್ದವು ಸಂಜೆಯ ವೇಳೆಗೆ ತಾವೇ ಬರುವುದುಂಟು. ಗಾಯಗೊಂಡದ್ದನ್ನು ಕತ್ತಲಾದ, ಬೆಚ್ಚಗಿನ, ಸದ್ದಿಲ್ಲದ ಪೆಟ್ಟಿಗೆಯಲ್ಲಿಡಿ, ನೀರು ಕೈಗೆಟುಕುವಂತಿರಲಿ. ಗರಿ ಸರಿಸಿ ಮೈಯೆಲ್ಲ ನೋಡಬೇಕು, ಏಕೆಂದರೆ ಹಲ್ಲು ಇಳಿದ ತೂತು ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿದ್ದು ಬೇಗ ಕೀವಾಗುತ್ತದೆ. ಮೇಲುಗಾಯವನ್ನು ಉಪ್ಪುನೀರಿನಿಂದ ತೊಳೆಯಿರಿ, ಆಳದ್ದಾದರೆ ಪಶುವೈದ್ಯರೇ ನೋಡಬೇಕು. ಗಾಯಗೊಂಡದ್ದನ್ನು ಇತರ ಕೋಳಿಗಳೊಡನೆ ಬಿಟ್ಟರೆ ರಕ್ತ ಕಂಡಲ್ಲಿ ಕುಕ್ಕುತ್ತವೆ. ಭಯಕ್ಕೆ ಕೆಲವು ವಾರ ಮೊಟ್ಟೆ ನಿಲ್ಲುವುದು ಸಹಜ.

ಶವಗಳನ್ನು ಅಲ್ಲೇ ಬಿಡಬೇಡಿ, ಕೈಗವಸು ಹಾಕಿ ತೆಗೆಯಿರಿ. ನರಿ ಒಳಬಂದ ದಾರಿಯನ್ನು ಅಂದೇ ಮುಚ್ಚಿ. ಅದು ಅದೇ ರಾತ್ರಿ, ತಪ್ಪಿದರೆ ಮರುದಿನ, ಬಿಟ್ಟುಹೋದ ಬೇಟೆಗಾಗಿ ಮರಳಿ ಬಂದು ನೋಡುವ ಸಾಧ್ಯತೆ ಹೆಚ್ಚು.

ನರಿಯನ್ನು ಬೋನಿಗೆ ಹಾಕಿ ದೂರ ಬಿಟ್ಟುಬರಬಹುದೇ? ವಿಷ?

ವಿಷ ಬೇಡವೇ ಬೇಡ. ಅದು ನಾಯಿ, ಬೆಕ್ಕು, ಹದ್ದುಗಳನ್ನೂ ಕೊಲ್ಲುತ್ತದೆ, ಎಷ್ಟೋ ದೇಶಗಳಲ್ಲಿ ಅಪರಾಧವೂ ಹೌದು. ಹಿಡಿದು ಸಾಗಿಸುವ ಬಗ್ಗೆಯೂ ಪ್ರತಿ ಪ್ರದೇಶಕ್ಕೆ ತನ್ನದೇ ಕಾನೂನಿದೆ, ವಿಚಾರಿಸದೆ ಕೈಹಾಕಬಾರದು. ಕಾನೂನು ಒಪ್ಪಿದರೂ ಲಾಭ ಅಲ್ಪಕಾಲದ್ದು. ಒಂದು ನರಿಯ ನೆಲೆ ತೆರವಾದರೆ ಇನ್ನೊಂದು ಅಲ್ಲಿಗೆ ಬರುತ್ತದೆ, ಸಾಗಿಸಿದ ನರಿ ಅಪರಿಚಿತ ಜಾಗದಲ್ಲಿ ಬದುಕಲು ಒದ್ದಾಡುತ್ತದೆ. ನಿಮ್ಮ ಸಡಿಲ ಬಾಗಿಲು ಸಡಿಲವಾಗಿಯೇ ಉಳಿದಿರುತ್ತದೆ.

ನರಿ ಗೂಡಿನೊಳಗೇ ಸಿಕ್ಕಿಹಾಕಿಕೊಂಡಿದ್ದರೆ?

ಒಳಗೆ ಹೋಗಬೇಡಿ, ಕೋಲಿನಿಂದ ತಿವಿಯಬೇಡಿ. ಮಕ್ಕಳನ್ನೂ ನಾಯಿಯನ್ನೂ ಮನೆಯೊಳಗೆ ಕಳುಹಿಸಿ, ಬಾಗಿಲನ್ನು ಪೂರ್ತಿ ತೆರೆದು, ಅದರ ಹಿಂಬದಿಗೆ ಸರಿದು ನಿಲ್ಲಿ. ದಾರಿ ಕಂಡರೆ ಆರೋಗ್ಯವಂತ ನರಿ ಓಡಿಹೋಗುತ್ತದೆ. ದಾರಿಯಿದ್ದರೂ ಕದಲದೆ ಕುಳಿತರೆ, ತೂರಾಡಿದರೆ, ಜೊಲ್ಲು ಸುರಿಸಿದರೆ ಅಥವಾ ಮನುಷ್ಯರ ಹೆದರಿಕೆಯೇ ಇಲ್ಲದಂತೆ ನಡೆದುಕೊಂಡರೆ ಅದಕ್ಕೆ ರೇಬೀಸ್ ಅಥವಾ ಬೇರೆ ರೋಗ ತಗುಲಿರಬಹುದು. ಆಗ ದೂರದಿಂದಲೇ ಬಾಗಿಲು ಮುಚ್ಚಿ ಸ್ಥಳೀಯ ವನ್ಯಜೀವಿ ಅಧಿಕಾರಿಗಳನ್ನು ಕರೆಯಬೇಕು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರ ಬಳಿಗೆ ಹೋಗಿ.